ಬೆಕ್ಕು ಬಿಟ್ಟು ಬರದ ಅಕ್ಕ

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ
2 ಮಾರ್ಚ್ 2025, ಭಾನುವಾರ

ಚಿ. ದಯಾನಂದನಿಗೆ ಅಕ್ಕ ಅನುಸೂಯಳ ಆಶೀರ್ವಾದಗಳು.

ಕಳೆದ ತಿಂಗಳು ಒಂಬತ್ತನೇ ತಾರೀಕು, ಹೊಳಲ್ಕೆರೆಯ ಕಲ್ಯಾಣಮಂಟಪದಲ್ಲಿ ನಡೆದ ನಿನ್ನ ನಿವೃತ್ತಿ ಸನ್ಮಾನದಲ್ಲಿ, ನೀನು ಮೈಕಿನ ಮುಂದೆ ನಿಂತು ನನ್ನ ಬಗ್ಗೆ ಒಂದು ಸುಳ್ಳು ಹೇಳಿದೆ. ಮಂಟಪದ ತುಂಬ ಜನ ನಕ್ಕರು. ಈ ಕಾಗದ ಅದರ ಬಗ್ಗೆ. ನೀನು ಸಾಕಬೇಕೆಂದಿರುವ ಬೆಕ್ಕಿನ ಬಗ್ಗೆಯೂ ಹೌದು. ಎರಡನ್ನೂ ಬೇರೆ ಬೇರೆಯಾಗಿ ಬರೆಯಲು ಪ್ರಯತ್ನಪಟ್ಟೆ, ಆಗಲಿಲ್ಲ.

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದ್ದನ್ನೆಲ್ಲ ನೋಡಿದ್ದೇನೆ. ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನೀನು ಏನಾದರೂ ಹೇಳಿ ನಗಿಸಿಬಿಡುತ್ತೀಯ, ನಾನು ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಉರಿಯದ ಬೀದಿದೀಪದ ಬಗ್ಗೆ, ಬಾರದ ಬಸ್ಸಿನ ಬಗ್ಗೆ ಪತ್ರಿಕೆಗೆ ಬರೆಯುತ್ತಲೇ ಮುದುಕಿಯಾದವಳು ನಾನು. "ನಮ್ಮಕ್ಕನ ಪೆನ್ನಿಗೆ ಊರೆಲ್ಲ ಹೆದರ್ತೈತೆ" ಎಂದು ನೀನೇ ಆಡಿಕೊಳ್ಳುತ್ತಿದ್ದೆ. ತಮ್ಮನ ಮೇಲೆ ಆ ಪೆನ್ನು ಎತ್ತುವುದು ಇದೇ ಮೊದಲು. ಬರೆದು ಹರಿದು, ಬರೆದು ಹರಿದು ಇಷ್ಟು ದಿನವಾಯಿತು.

ನಾನು ಆರಾಮಾಗಿದ್ದೇನೆ. ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಅನ್ನಪೂರ್ಣಮ್ಮನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಪುಸ್ತಕಗಳನ್ನೆಲ್ಲ ತಂದುಕೊಂಡಿದ್ದೇನೆ. ಬೆಳಿಗ್ಗೆ ಹೊತ್ತು ಗುಡ್ಡದ ಕಡೆಯಿಂದ ಒಳ್ಳೆಯ ಗಾಳಿ ಬರುತ್ತದೆ. ಇಷ್ಟು ವರ್ಷ ನಾನಿದ್ದ ನಿನ್ನ ಮನೆಯ ಹಿಂದಿನ ಭಾಗದ ಕೀಲಿ ಹಾಲು ಹಾಕುವ ಗಂಗಕ್ಕನ ಹತ್ತಿರ ಕೊಟ್ಟಿದ್ದೇನೆ. ನಾನು ಅಲ್ಲಿಗೆ ವಾಪಸು ಬರುವುದಿಲ್ಲ.

ಅವತ್ತು ನೀನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಮರೆತಿದ್ದರೆ ನೆನಪಾಗಲಿ.

"ರಿಟೈರ್ ಆದ್ಮೇಲೆ ಒಂದು ಬೆಕ್ಕು ಸಾಕ್ತೀನಿ. ಹೇಮಾವತಿ ಮೊಮ್ಮಗನ್ನ ನೋಡ್ಕಂಡು ಹಿರಿಯೂರಲ್ಲೇ ಅವ್ಳೆ, ಮನೆ ಬಿಕೋ ಅಂತೈತೆ. ಖೋ ಖೋ ಅಂಪೈರ್ ಕೆಲಸ ನಾನು ಬಿಡಲ್ಲ, ತಿಂಗಳಲ್ಲಿ ಅರ್ಧ ಊರೂರು ಸುತ್ತಾದೇ. ಆದ್ರೆ ಮನೇಲಿ ಅಕ್ಕ ಅವ್ಳಲ್ಲ, ನೋಡ್ಕಂತಾಳೆ. ಹಿಂದೆ ಹೊಸದುರ್ಗದಿಂದ ಗಂಡು ನೋಡಾಕೆ ಬಂದಿದ್ರೆ, ನಮ್ ಬೆಕ್ಕು ಕೆಂಚನ್ನ ಬಿಟ್ಟು ನಾನು ಬರಲ್ಲ ಅಂದ್ಬಿಟ್ಟೋಳು ನಮ್ಮಕ್ಕ. ಗಂಡನ್ನ ಬಿಟ್ಲು, ಬೆಕ್ಕು ಬಿಡಲಿಲ್ಲ."

ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದವರು ನಗುತ್ತಾ ನನ್ನ ತೊಡೆ ತಟ್ಟಿದರು. ಎಲ್ಲರೂ ನೋಡುತ್ತಿದ್ದರಲ್ಲ, ನನ್ನ ಅಭ್ಯಾಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಾನೂ ನಕ್ಕೆ. ನಗುತ್ತಲೇ ಯೋಚಿಸುತ್ತಿದ್ದೆ, ಈ ಮಾತನ್ನು ನಾನು ಯಾವಾಗ ಹೇಳಿದೆ, ಯಾರಿಗೆ ಹೇಳಿದೆ? ನಾನು ಹೇಳಿಲ್ಲ, ದಯಾನಂದ. ಬೆಕ್ಕಿನ ಕೂದಲು ಗಾಳಿಯಲ್ಲಿ ಬಂದರೂ ಸಾಲು ಸೀನು ಬರುವ ಹೆಂಗಸು ಅಂಥ ಮಾತು ಹೇಳುವುದಿಲ್ಲ.

ಅದಾದ ಮೂರನೇ ದಿನ ಗಂಗಕ್ಕ ಬಂದಳು. ಕಂಕುಳಲ್ಲಿ ಬುಟ್ಟಿ, ಅದರೊಳಗೆ ಬೆಕ್ಕಿನ ಮರಿ. ಬಂದ ದಾರಿ ಗುರುತು ಸಿಕ್ಕಿ ವಾಪಸು ಓಡಬಾರದೆಂದು ಅದರ ಮೇಲೆ ಹಳೆಯ ಟವೆಲು ಮುಚ್ಚಿದ್ದಳು. ನೀನು ಆ ಹೊತ್ತಿಗೆ ದಾವಣಗೆರೆಗೆ ಹೋಗಿಯಾಗಿತ್ತು.

"ಮೇಷ್ಟ್ರು ಹೇಳಿ ಹೋಗ್ಯಾರೆ, ಅಕ್ಕಾರ ಕೈಗೆ ಕೊಟ್ಟು ಬಾ ಅಂತ" ಎಂದಳು.

ನನಗೆ ಯಾರೂ ಹೇಳಿಲ್ಲವಲ್ಲ ಎಂದೆ.

"ನಿಮಗೇನು ಹೇಳಾದು ಅಕ್ಕಾರೆ? ನೀವು ಬೆಕ್ಕಿಗೋಸ್ಕರ ಗಂಡನ್ನೇ ಬ್ಯಾಡ ಅಂದೋರಂತೆ. ನಾನು ಇಷ್ಟು ವರ್ಷ ಹಾಲು ಹಾಕಿದ್ರೂ ಒಂದ್ ಮಾತು ಬಾಯಿ ಬಿಟ್ಟಿರಲಿಲ್ಲ ನೋಡ್ರಿ."

ಗಂಗಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಅದನ್ನು ಮೆಚ್ಚಿಕೊಂಡೇ ಹೇಳಿದಳು. ಆದರೆ ನಿನ್ನ ಸುಳ್ಳು ಹಾಲಿನ ಜೊತೆ ಮನೆಮನೆಗೂ ಮುಟ್ಟಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಮರಿಯನ್ನು ವಾಪಸು ಒಯ್ಯಲು ಹೇಳಿ ಬಾಗಿಲು ಹಾಕಿಕೊಂಡೆ. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಇಲ್ಲಿಗೆ ಬಂದೆ. ಗಂಗಕ್ಕ ನಿನ್ನ ಮಾತು ಮೀರಲಾರದೆ ಬುಟ್ಟಿಯನ್ನು ನಿನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದಳಂತೆ. ಮಾರನೇ ದಿನ ಫೋನ್ ಮಾಡಿ, ಮರಿ ಒಂದೇ ಸಮ ಅರಚ್ತೈತೆ, ಏನು ಮಾಡಲಿ ಎಂದು ಕೇಳಿದಳು. ಅದು ನನ್ನದಲ್ಲ ಎಂದೆ. ನನ್ನ ಈ ಅರವತ್ತೆರಡು ವರ್ಷದಲ್ಲಿ ನಿನ್ನ ಮನೆಯ ಯಾವ ವಸ್ತುವಿನ ಬಗ್ಗೆಯೂ, ಯಾವ ಜೀವದ ಬಗ್ಗೆಯೂ ನಾನು ಆ ಮಾತು ಹೇಳಿರಲಿಲ್ಲ. ಹೇಳಿ ಫೋನ್ ಇಟ್ಟೆ. ಆಮೇಲೆ ಊಟ ಮಾಡಿ ಮಲಗಿದೆ. ಗಂಗಕ್ಕ ಮರಿಯನ್ನು ತನ್ನ ಮನೆಗೇ ಒಯ್ದಳು. ಬದುಕಿದೆ, ಹೆದರಬೇಡ.

ಆಮೇಲೆ ನಿನ್ನ ಮಗ ಚೇತನ್‌ಕುಮಾರ್ ಫೋನ್ ಮಾಡಿದ. "ಅತ್ತೆ, ಅಪ್ಪ ತಮಾಷೆ ಮಾಡಿದ್ದು. ಒಂದು ಬೆಕ್ಕಿನ ವಿಷಯಕ್ಕೆ ಯಾರಾದ್ರೂ ಮನೆ ಬಿಡ್ತಾರಾ?" ಎಂದ. ತೆವಳುವಾಗಿನಿಂದ ನನ್ನ ಸೆರಗು ಹಿಡಿದು ಬೆಳೆದ ಹುಡುಗ, ಅವನಿಗೆ ಏನು ಹೇಳಲಿ? ನಿಮ್ಮ ಅಪ್ಪನಿಗೆ ಕೆಂಚ ಹೇಗೆ ಸತ್ತ ಅಂತ ಕೇಳು ಎಂದೆ. ಕೆಂಚ ಓಡಿಹೋಯಿತಲ್ಲ ಅತ್ತೆ, ಅಪ್ಪ ಯಾವಾಗಲೂ ಹಾಗೇ ಹೇಳೋದು ಎಂದ.

ಅದನ್ನೂ ಬರೆದುಬಿಡುತ್ತೇನೆ.

ತೊಂಬತ್ತೆರಡರ ಬೇಸಿಗೆಯ ಮೊದಲಲ್ಲಿ ನೀನು ರಾಮಗಿರಿಯ ಪಂದ್ಯದಿಂದ ಬರುವಾಗ ಆ ಕೆಂಪು ಮರಿಯನ್ನು ಕಿಟ್ ಬ್ಯಾಗಿನಲ್ಲಿ ತಂದೆ. ತಂದು ಇಳಿಸಿ, ಬಟ್ಟೆ ಬದಲಾಯಿಸಿ, ಮತ್ತೊಂದು ಪಂದ್ಯಕ್ಕೆ ಹೊರಟೆ. ಹೇಮಾವತಿಗೆ ಆಗ ಅಂಚೆ ಕಚೇರಿಯ ಕೆಲಸ. ಮಗು, ಬೆಕ್ಕು, ಅಡುಗೆ, ನನ್ನ ಶಾಲೆ, ಎಲ್ಲದರ ನಡುವೆ ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಅದಕ್ಕೆ ಹಾಲನ್ನ ಕಲಸಿದೆ. ಆಗಲೂ ನೀನು ಕೇಳಿರಲಿಲ್ಲ.

ಮೇ ತಿಂಗಳಲ್ಲಿ ನಿನ್ನನ್ನು ಮೈಸೂರಿನ ಬೇಸಿಗೆ ಶಿಬಿರಕ್ಕೆ ಕರೆದರು. ಹೊರಡುವ ದಿನ, ನೀನು ಆಟದ ಮೇಷ್ಟ್ರಾಗಿದ್ದ ಶಾಲೆಗೆ ಹೋಗಿ ಆಟದ ಸಾಮಾನಿನ ಕೋಣೆ ತೆಗೆದು, ಬೇಕಾದ್ದು ತೆಗೆದುಕೊಂಡು, ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದೆ. ಕೆಂಚ ನಿನ್ನ ಕಾಲ ಹಿಂದೆಯೇ ಬಂದು ಒಳಗೆ ಸೇರಿದ್ದ. ಅವನು ಕಾಣದೆ ಬೀದಿಯೆಲ್ಲ ಹುಡುಕಿ ಕೊನೆಗೆ ಶಾಲೆಗೆ ಹೋದೆ. ಹೆಸರು ಕೂಗಿದಾಗ ಒಳಗಿನಿಂದ ಸದ್ದು ಬಂತು. ಬಾಗಿಲ ಕೆಳಗಿನ ಸಂದಿಯಿಂದ ಒಂದು ಮುಂಗಾಲು ಹೊರಗೆ ಚಾಚಿತು.

ಹೆಡ್‌ಮಾಸ್ಟರು ರಜೆಗೆಂದು ಊರು ಬಿಟ್ಟಿದ್ದರು. ಕಾವಲುಗಾರ ಎರ್ರಿಸ್ವಾಮಿ, ಮೇಷ್ಟ್ರ ಬಾಯಿಂದ ಅಪ್ಪಣೆ ಬಂದರೆ ಬೀಗ ಒಡೆಯುತ್ತೇನೆ, ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದ. ಎಸ್‌ಟಿಡಿ ಬೂತಿನಿಂದ ಶಿಬಿರಕ್ಕೆ ಫೋನ್ ಮಾಡಿ ನಿನ್ನನ್ನು ಕರೆಸಿದೆ. ನೀನು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: "ಅಯ್ಯೋ ಅಕ್ಕ, ಇಲಿ ಹಿಡ್ಕಂಡು ತಿಂತೈತೆ ಬಿಡು. ಸ್ಕೂಲ್ ಬೀಗ ಒಡೆದ್ರೆ ನನ್ ಮರ್ಯಾದೆ ಹೋಗ್ತೈತೆ." ನಾನು ದಿನಾ ಹೋಗಿ ಸಂದಿಯಲ್ಲಿ ಹಾಲು ಸುರಿದೆ. ನೆಲ ಹೊರಕ್ಕೆ ಇಳಿಜಾರು, ಹಾಲು ನನ್ನ ಕಾಲ ಕಡೆಗೇ ಹರಿದು ಬರುತ್ತಿತ್ತು. ಒಂದು ದಿನ ಕಾಲು ಹೊರಗೆ ಬರಲಿಲ್ಲ.

ಶಿಬಿರ ಮುಗಿಸಿ ಬಂದು ಬಾಗಿಲು ತೆಗೆದವನು ನೀನು. ಮೂಗು ಮುಚ್ಚಿಕೊಂಡು ಈಚೆ ಬಂದು, "ಅಕ್ಕ, ಒಂಚೂರು ಫಿನಾಯಿಲ್ ಹಾಕಿ ತೊಳೆದುಬಿಡು, ನಂಗೆ ವಾಂತಿ ಬರ್ತೈತೆ" ಎಂದೆ. ತೊಳೆದೆ. ಬಾಗಿಲ ಒಳಮೈಯಲ್ಲಿ ಕೆರೆದ ಗೀರುಗಳಿದ್ದವು, ನೀನು ಆಮೇಲೆ ಅದಕ್ಕೆ ಹಸಿರು ಬಣ್ಣ ಹೊಡೆಸಿದೆ.

ಹೊಸದುರ್ಗದವರು ಬಂದುಹೋದದ್ದು ನೀನು ಶಿಬಿರಕ್ಕೆ ಹೊರಡುವ ಹಿಂದಿನ ವಾರ. ನಾನು ಬಿಟ್ಟು ಹೋಗಲಾರೆ ಅಂದೆ ಎಂದು ನೀನು ಹೇಳುವ ಬೆಕ್ಕು ನಿನ್ನ ಕೈಯಲ್ಲಿ ಅಷ್ಟೇ ಕಾಲ ಬಾಳಿತು.

ಬೆಕ್ಕು ತರಲಾ ಬೇಡವಾ, ಒಂದು ಮಾತು ಹೇಳು ಅಕ್ಕ ಎಂದು ವಾಟ್ಸಾಪಿನಲ್ಲಿ ಈಗ ಕೇಳಿದ್ದೀಯ. ಬೇಡ.

ಊರು ಸುತ್ತುವವರು ಬೆಕ್ಕು ಸಾಕಬಾರದು ಎಂದು ನಾನು ಹೇಳುತ್ತಿಲ್ಲ. ಅನ್ನಪೂರ್ಣಮ್ಮನ ಮಗಳು ನೇತ್ರಾವತಿ ಬಸ್ ಕಂಡಕ್ಟರ್. ಎಷ್ಟೋ ರಾತ್ರಿ ಬೇರೆ ಊರಿನಲ್ಲೇ ತಂಗಬೇಕು. ಅವಳ ಹತ್ತಿರ ಒಂದು ಕುಂಟು ಬೆಕ್ಕಿದೆ. ಪ್ರತಿ ಸಲ ಡ್ಯೂಟಿಗೆ ಮೊದಲು ಎದುರು ಮನೆಗೆ ಹೋಗಿ, ಈ ಎರಡು ದಿನ ನಿಮಗೆ ಆಗುತ್ತಾ ಎಂದು ಕೇಳುತ್ತಾಳೆ. ಅವರು ಇಲ್ಲ ಎಂದರೆ ಮುಖ ಗಂಟಿಕ್ಕಿಕೊಳ್ಳುವುದಿಲ್ಲ, ಡ್ಯೂಟಿ ಬದಲಾಯಿಸಿಕೊಳ್ಳುತ್ತಾಳೆ. ನಾನು ಬಂದ ಮೇಲೆ ನನ್ನನ್ನೂ ಕೇಳಿದಳು. ಸೀನು ಬರುತ್ತದಮ್ಮ ಎಂದೆ. ಅಷ್ಟಕ್ಕೇ ಅವಳು ನನ್ನ ಕೋಣೆಯ ಮೆಟ್ಟಿಲಿಗೆ ಒಂದು ಅಡ್ಡಪಟ್ಟಿ ಕಟ್ಟಿಸಿದಳು, ಬೆಕ್ಕು ಹತ್ತದಿರಲೆಂದು. ಹಾಗೆ ಬದುಕಲು ಬರುವವರು ಬೆಕ್ಕು ಸಾಕಲಿ. ನಿನಗೆ ಬೇಕಿರುವುದು ನೀನು ಮನೆಗೆ ಬಂದಾಗ ಕಾಲು ಸವರಲು ಒಂದು ಜೀವ, ನೀನು ಇಲ್ಲದಾಗ ಅದನ್ನು ಉಳಿಸಿಡಲು ಇನ್ನೊಂದು ಜೀವ. ಎರಡನೆಯದು ಈಗ ಆ ಮನೆಯಲ್ಲಿಲ್ಲ. ಆದ್ದರಿಂದ ಮೊದಲನೆಯದೂ ಬೇಡ. ಮರಿ ಗಂಗಕ್ಕನ ಹಟ್ಟಿಯಲ್ಲಿ ಸುಖವಾಗಿದೆ, ಅಲ್ಲೇ ಇರಲಿ.

ಬಿ.ಪಿ. ಮಾತ್ರೆ ಮರೆಯಬೇಡ. ಪಂದ್ಯಕ್ಕೆ ಹೋದಾಗ ಬಿಸಿಲಿಗೆ ಟೋಪಿ ಹಾಕಿಕೋ. ಮೊಮ್ಮಗನಿಗೆ, ಹೇಮಾವತಿಗೆ, ಚೇತನನಿಗೆ ನನ್ನ ಆಶೀರ್ವಾದ. ನೀನು ನೂರು ವರ್ಷ ಬಾಳು. ಇದನ್ನು ಮನಸಾರೆ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನಿಂದ ನನಗೆ ಒಂದು ಉತ್ತರ ಬರಬೇಕಿದೆ.

ಇಂತಿ ನಿನ್ನ ಅಕ್ಕ,
ಅನುಸೂಯ

ತಾ. ಕ.: ಹೊಸದುರ್ಗದಿಂದ ಬಂದವರ ಹೆಸರು ಕಾಟಲಿಂಗಪ್ಪ. ಕೆಂಚ ಹೋಗಿ ಅವರ ತೊಡೆಯ ಮೇಲೆ ಕೂತಿದ್ದ. ಕಿಟಕಿಯಲ್ಲಿದ್ದ ನನ್ನ ಪುಸ್ತಕಗಳನ್ನು ನೋಡಿ, "ಲೈಬ್ರರೀದಾ, ಸ್ವಂತದ್ದಾ?" ಎಂದು ಕೇಳಿದರು. ಸ್ವಂತದ್ದು ಎಂದೆ. "ಹಂಗಾದ್ರೆ ಬರೋವಾಗ ಅವನ್ನೂ ತರ್ತೀರಿ" ಎಂದರು. ನನಗೆ ತಡೆಯಲಾಗದೆ ಬಾಯಿ ತುಂಬ ನಕ್ಕೆ. ನೀನು ಅವರನ್ನು ಬಸ್ ಹತ್ತಿಸಿ ಬಂದು, ಹೊಸಿಲ ಮೇಲೆ ಚಪ್ಪಲಿ ಬಿಡುತ್ತಾ ಹೇಳಿದೆ: "ಅವ್ರಿಗೆ ಬ್ಯಾಡಂತೆ ಅಕ್ಕ. ನಕ್ಕಾಗ ಹಲ್ಲು ಮುಂದೆ ಬರ್ತಾವೆ ಅಂದ್ರು." ಅವತ್ತಿನಿಂದ ನಾನು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿಲ್ಲ. ಮಕ್ಕಳೆದುರು ನಕ್ಕಿಲ್ಲ, ಶಾಲೆಯ ಗ್ರೂಪ್ ಫೋಟೋದಲ್ಲಿ ನಕ್ಕಿಲ್ಲ. ಮತ್ತೆ ಯಾರ ಮುಂದೆಯೂ ತಟ್ಟೆ ಹಿಡಿದು ಬರುವುದಿಲ್ಲ ಎಂದು ನಾನೇ ಹಟ ಹಿಡಿದೆ, ನೀನು ಒತ್ತಾಯ ಮಾಡಲಿಲ್ಲ.

ನನಗೆ ಹೇಳಿದ್ದು ಹಲ್ಲು. ಅವರಿಗೆ ನನ್ನ ಹೆಸರಿನಲ್ಲಿ ಹೇಳಿ ಕಳಿಸಿದ್ದು ಬೆಕ್ಕು ಇರಬೇಕು. ಎರಡೂ ನಿನ್ನ ಬಾಯಿಂದಲೇ ಬಂದವು, ಎರಡನೆಯದು ನನಗೆ ತಲುಪಿದ್ದು ಮಂಟಪದಲ್ಲಿ, ಎಲ್ಲರ ನಗುವಿನ ಜೊತೆ.

ಏಪ್ರಿಲ್ ಇಪ್ಪತ್ತರ ಭಾನುವಾರ ಹಳೆಯ ಆಟಗಾರರು ಅದೇ ಮಂಟಪದಲ್ಲಿ ನಿನಗೆ ಇನ್ನೊಂದು ಸನ್ಮಾನ ಮಾಡುತ್ತಾರಂತೆ. ನನಗೂ ಕರೆ ಬಂದಿದೆ, ಬರುತ್ತೇನೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಈ ಸಲ ಎರಡೂ ಕೈ ಮಡಿಲಲ್ಲಿರುತ್ತವೆ. ನನ್ನ ಹಲ್ಲು ನೋಡಿ ಅವರು ಬೇಡ ಎಂದರೋ, ನಿನ್ನ ಮಗುವಿಗೂ ನಿನ್ನ ಬೆಕ್ಕಿಗೂ ಆಳು ಬೇಕಾಗಿ ನೀನೇ ಅವರನ್ನು ಕಳಿಸಿದೆಯೋ? ನನ್ನ ಕಿವಿಯಲ್ಲಿ ಹೇಳಬೇಡ, ಫೋನಿನಲ್ಲಿ ಹೇಳಬೇಡ. ಅದೇ ಮೈಕಿನಲ್ಲಿ, ನಕ್ಕವರೆಲ್ಲರ ಮುಂದೆ ಹೇಳು.