ಹೋಗಿ ಬರುವ ಸೋಡಾ

ಗುಳ್ಳೆಯಕ್ಕಾ,

ಆಯ್ತು. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. "ಸೋಡಾ, ನೆಲಮಾಳಿಗೆಯಿಂದ ಬಾಲ್ಕನಿಗಾ? ಒಂದೇ ಕೂಲರಿನಲ್ಲಾ? ಆಗಲ್ಲ ಮರಿ, ಬಿಟ್ಬಿಡು. ನಾನೂ ಒಂದ್ಸಲ ಮಾಡೋಕೆ ಹೋಗಿ ಮುಖಕ್ಕೆ ಎರಚಿಸ್ಕೊಂಡಿದ್ದೀನಿ" ಅಂತ ಗ್ರೂಪಿನಲ್ಲಿ ಉತ್ತರ ಕೊಟ್ಟಿದ್ದಿರಲ್ಲ, ಅದೇ ಕೆಲಸ. ಆಯ್ತು.

ನಾನು ಯಾರು ಅಂತ ಮರೆತಿದ್ದರೆ: ಸೋಡಾ ಮೆಷಿನ್ ಕೂರಿಸುವವರು, ರಿಪೇರಿ ಮಾಡುವವರು ಸೇರಿಕೊಂಡಿರುವ ನಮ್ಮ ಗ್ರೂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಲೀಕು. ನಾನು ಕೂರಿಸಿದ ಮೊದಲ ನಲ್ಲಿ ಸೋರಿತು ಅಂತ ನೀವೇ ಇಟ್ಟ ಹೆಸರು. ನನ್ನ ವಯಸ್ಸಿನವರ ಫೋನಿನಲ್ಲಿ ನಟರ ಫೋಟೋ ಇರುತ್ತದೆ. ನನ್ನ ಫೋನಿನಲ್ಲಿ ನೀವು ಬಿಚ್ಚಿ ಹಾಳೆಯ ಮೇಲೆ ಹರಡಿದ ಪಂಪಿನ ಫೋಟೋ ಇದೆ. ನಿಮ್ಮ ಧ್ವನಿ ಸಂದೇಶಗಳನ್ನು ಬಸ್ಸಿನಲ್ಲಿ ಹಾಡು ಕೇಳುವ ಹಾಗೆ ಕೇಳುತ್ತೇನೆ. ಪಕ್ಕದವರು ಒಮ್ಮೆ, "ಏನಮ್ಮಾ, ಯಾರೋ ಬೈತಾ ಇರೋದನ್ನ ಅಷ್ಟು ಖುಷಿಯಾಗಿ ಕೇಳ್ತೀಯಲ್ಲ" ಅಂದಿದ್ದರು.

ಆ ಬಾಲ್ಕನಿ ಯಾವುದು ಅಂತ ನಿಮಗೆ ಆವತ್ತು ಹೇಳಿರಲಿಲ್ಲ. ಅದು ಅಮ್ಮನದು. ಚಿತ್ರಮಂದಿರದ ಬಾಲ್ಕನಿಯ ತಿಂಡಿ ಕೌಂಟರಿನಲ್ಲಿ ಅವಳು ನಾನು ಹುಟ್ಟುವ ಮೊದಲಿನಿಂದ ನಿಂತಿದ್ದಾಳೆ. ನಾನು ಹೊಟ್ಟೆಯಲ್ಲಿದ್ದಾಗಲೂ ಇಂಟರ್ವಲ್ ಗಂಟೆ ಹೊಡೆದರೆ ಒದೆಯುತ್ತಿದ್ದೆನಂತೆ. ಬಾಟಲಿಗಳ ಕ್ರೇಟನ್ನು ಕೆಳಗಿನಿಂದ ಅವಳೇ ಹೊತ್ತು ತರಬೇಕು. ಮಂಡಿ ಈಗ ಒಪ್ಪುವುದಿಲ್ಲ. ಮಾಲೀಕರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು: ಹೊಸ ಸಿನಿಮಾ ಬರುವಷ್ಟರಲ್ಲಿ ಮೆಷಿನ್ ಸೋಡಾ ಮೇಲಕ್ಕೆ ಬಂದರೆ ಸರಿ, ಇಲ್ಲವಾದರೆ ಬಾಲ್ಕನಿ ಕೌಂಟರಿಗೆ ಬೀಗ. ಮೇಲೆ ಸೋಡಾ ತಣ್ಣಗಿಡುವ ಇನ್ನೊಂದು ಕೂಲರ್ ಇಡೋಣವೆಂದರೆ ಜಾಗವೂ ಇಲ್ಲ, ಹಳೆಯ ವೈರಿಂಗು ಅದರ ಭಾರ ತಡೆಯುವುದೂ ಇಲ್ಲ. ಅದಕ್ಕೇ ಆ ಪ್ರಶ್ನೆ ಕೇಳಿದ್ದೆ. ನೀವು ಆಗಲ್ಲ ಅಂದಿರಿ. ನಾನು ಫೋನ್ ಜೇಬಿಗೆ ಹಾಕಿಕೊಂಡು ಡ್ರಿಲ್ ಎತ್ತಿಕೊಂಡೆ. ಕ್ಷಮಿಸಿ ಅಂತ ಹೇಳುವುದಿಲ್ಲ.

ಹಿಂದಿನ ಮೆಟ್ಟಿಲ ಗೋಡೆಗುಂಟ ಹೆಬ್ಬಾವನ್ನು ಎಳೆದೆ. ನಿಮಗೆ ಗೊತ್ತಿರುವುದೇ, ಸೋಡಾ ಮತ್ತು ಸಿರಪ್ಪಿನ ಕೊಳವೆಗಳನ್ನೆಲ್ಲ ಸೇರಿಸಿ ಕಪ್ಪು ಸ್ಪಂಜು ಸುತ್ತಿದ ಆ ದಪ್ಪ ಕಟ್ಟು. ಅದೇನೆಂದು ಅಮ್ಮನಿಗೆ ಗೊತ್ತಿರಲಿಲ್ಲ. ತಿರುವಿನಲ್ಲಿ ಅದನ್ನು ತಬ್ಬಿಕೊಂಡು ಕೂತಿದ್ದ ನನ್ನನ್ನು ನೋಡಿ, "ನಮ್ಮ ವಂಶದಲ್ಲಿ ಹಾವು ಹಿಡಿಯೋರು ಯಾರೂ ಇರಲಿಲ್ಲ. ಇದು ನಿಮ್ಮಪ್ಪನ ಕಡೆಯದೇ ಇರಬೇಕು" ಅಂದಳು.

ಎಲ್ಲಾ ಜೋಡಿಸಿ, ಅವಳ ಕೈಯಿಂದಲೇ ಮೊದಲ ನಲ್ಲಿ ಎಳೆಸಿದೆ. ಬುಸ್ ಅಂತ ಲೋಟ ತುಂಬ ನೊರೆ, ತಳದಲ್ಲಿ ಒಂದು ಗುಟುಕು. ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಪುಟ್ಟಿ, ಇದು ಕುಡಿಯೋದಾ, ಗಡ್ಡಕ್ಕೆ ಹಚ್ಚಿ ಬೋಳಿಸೋದಾ?"

ನಾನು ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಕೆಳಗೆ ಓಡಿ ಗ್ಯಾಸಿನ ಒತ್ತಡ ಇಳಿಸಿದೆ. ನೊರೆ ಇನ್ನೂ ಹೆಚ್ಚಾಯಿತು, ಮೇಲಾಗಿ ರುಚಿ ಸತ್ತುಹೋಯಿತು. ಮತ್ತೆ ಮೇಲೆ ಬರುವಾಗ ಮೆಟ್ಟಿಲ ಮೇಲೆ ನಿಮ್ಮ ಧ್ವನಿ ಕಿವಿಯಲ್ಲೇ ಬೈಯಿತು: "ನೊರೆ ಕಂಡ ತಕ್ಷಣ ಗ್ಯಾಸ್ ಇಳಿಸೋದು ಅಂದ್ರೆ, ಮಗು ಅಳ್ತಿದೆ ಅಂತ ಬಾಯಿಗೆ ಕೈ ಇಟ್ಟ ಹಾಗೆ. ಯಾಕೆ ಅಳ್ತಿದೆ ನೋಡ್ರೋ." ತಿರುಗಿ ಕೆಳಗೆ ಹೋಗಿ ಗ್ಯಾಸನ್ನು ಮೊದಲಿನಂತೆ ಮಾಡಿದೆ. ಅಲ್ಲೇ ಕೂಲರಿನ ಪಕ್ಕ ಕೂತು ನಿಮ್ಮ ಹಳೆಯ ಸಂದೇಶಗಳನ್ನು ಒಂದೊಂದಾಗಿ ಹುಡುಕಿದೆ. ಸಿಕ್ಕಿತು.

"ಮನೆಯಿಂದ ಹೊರಡೋವಾಗ ನಾವು ಹೋಗ್ತೀನಿ ಅಂತೀವಾ? ಅಂದ್ರೆ ಹಿರಿಯರು ಬಿಡ್ತಾರಾ? ಹೋಗಿ ಬರ್ತೀನಿ ಅಂತೀವಿ. ಸೋಡಾಗೂ ಅದನ್ನೇ ಕಲಿಸ್ಬೇಕು. ಮೇಲೆ ಹೋಗ್ಬೇಕು, ಯಾರೂ ಕುಡೀಲಿಲ್ಲ ಅಂದ್ರೆ ಇನ್ನೊಂದು ಪೈಪಿನಲ್ಲಿ ಕೆಳಗೆ ಬಂದು ಮತ್ತೆ ತಣ್ಣಗಾಗ್ಬೇಕು. ಹೋಗ್ತೀನಿ ಅಂತ ಹೋಗಿ ಅಲ್ಲೇ ಕೂತ ಸೋಡಾ ಬಿಸಿಯಾಗತ್ತೆ. ಬಿಸಿಯಾದ್ರೆ ಉಗಿಯತ್ತೆ."

ನನ್ನ ಸೋಡಾ ಹೋಗಿ ಬರುತ್ತಲೇ ಇತ್ತಲ್ಲ ಅಕ್ಕ. ಪಂಪು ಓಡುತ್ತಿತ್ತು, ವಾಪಸ್ ಬರುವ ಪೈಪು ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಹಾಗಾದರೆ ಹೋಗಿ ಬಾರದವನು ಎಲ್ಲಿ ಕೂತಿದ್ದಾನೆ? ಹೆಬ್ಬಾವಿನ ಮೈಮೇಲೆ ಅಂಗೈ ಇಟ್ಟುಕೊಂಡು ಬಾಲದಿಂದ ತಲೆಯವರೆಗೆ ಹತ್ತಿದೆ. ಎಲ್ಲೂ ಬಿಸಿಯಿಲ್ಲ. ಅಮ್ಮನ ಕೌಂಟರಿನ ಅಡಿಗೆ ತಲೆ ತೂರಿಸಿದೆ. ಅಲ್ಲಿ ಸಿಕ್ಕಿಬಿದ್ದ.

ಎಲ್ಲರೂ ಮಾಡುವಂತೆ ನಾನೂ ಸೋಡಾವನ್ನು ಕೌಂಟರಿನ ಅಡಿಯಲ್ಲೇ ವಾಪಸ್ ತಿರುಗಿಸಿದ್ದೆ. ಅಲ್ಲಿಂದ ನಲ್ಲಿಯ ಬಾಯಿಯವರೆಗೆ ಕೈಯುದ್ದದ ಒಂದು ತುಂಡು ಕೊಳವೆ. ಅದರಲ್ಲಿರುವ ಸೋಡಾಗೆ ಹೋಗುವುದು ಮಾತ್ರ ಗೊತ್ತು, ಬರುವುದು ಗೊತ್ತಿಲ್ಲ. ಪಕ್ಕದಲ್ಲೇ ಪಾಪ್‌ಕಾರ್ನ್ ಮೆಷಿನ್ ಬೆಚ್ಚಗೆ ಒರಗಿಕೊಂಡಿತ್ತು. ಕೆಳಗಿನ ಕೌಂಟರಿನಲ್ಲಾದರೆ ಆ ತುಂಡು ಲೆಕ್ಕಕ್ಕೇ ಇಲ್ಲ. ಆದರೆ ಅಷ್ಟು ಎತ್ತರ ಹತ್ತಿ ಏದುಸಿರು ಬಿಡುವ ಸೋಡಾಗೆ ಅಷ್ಟು ಬಿಸಿ ಸಾಕು, ಕೆರಳುತ್ತದೆ. ಅಕ್ಕ, ನೀವು ಸೋತಾಗಲೂ ತಿರುವು ಕೌಂಟರಿನ ಅಡಿಯಲ್ಲೇ ಇತ್ತಲ್ಲವಾ? ಇದ್ದೇ ಇರುತ್ತದೆ. ಮೆಷಿನ್ ಜೊತೆ ಬರುವ ನಕ್ಷೆಯಲ್ಲಿ ಹಾಗೇ ಬರೆದಿರುತ್ತಾರೆ.

ಕೌಂಟರಿನ ಮೇಲೆ ನಲ್ಲಿಯನ್ನು ಹೊತ್ತು ನಿಂತಿರುವ ಟೊಳ್ಳು ಕಂಬವನ್ನು ಬಿಚ್ಚಿದೆ. ತಿರುವನ್ನು ಅದರ ಕುತ್ತಿಗೆಯೊಳಗೇ, ನಲ್ಲಿಯ ಬೆನ್ನಿಗೆ ತಾಗುವ ಹಾಗೆ ಏರಿಸಿದೆ. ಒಳಗೆ ನನ್ನ ಎರಡು ಬೆರಳು ಹೋಗುವಷ್ಟೇ ಜಾಗ. ಗೆಣ್ಣು ತರಚಿತು. ಕ್ಲಾಂಪು ಜಾರಿ ಕೆಳಗೆ ಬಿತ್ತು, ಮತ್ತೆ ಬಿತ್ತು. ಅಮ್ಮ ಟಾರ್ಚ್ ಹಿಡಿದುಕೊಂಡು, "ಹೊಲಿಗೆ ಕಲಿ ಅಂದ್ರೆ ಸೂಜಿಗೆ ದಾರ ಹಾಕೋಕೆ ಸೋಮಾರಿತನ ಮಾಡ್ದೋಳು, ಈಗ ನೋಡು" ಅಂತ ಗೊಣಗುತ್ತಿದ್ದಳು. ಪಾಪ್‌ಕಾರ್ನ್ ಮೆಷಿನ್ನನ್ನು ಆಚೆ ತುದಿಗೆ ತಳ್ಳಿದೆವು. ಅಷ್ಟೇ ಅಕ್ಕ. ಕೈಯುದ್ದದ ಕೆಲಸ.

ಹೊಸ ಸಿನಿಮಾದ ಮೊದಲ ದಿನ ನಾನು ಕೌಂಟರಿನ ಪಕ್ಕ ಗೋಡೆಗೆ ಆತುಕೊಂಡು ನಿಂತಿದ್ದೆ. ಇಂಟರ್ವಲ್ ಗಂಟೆ ಹೊಡೆಯಿತು. ನನ್ನ ಹೊಟ್ಟೆಯಲ್ಲೇ ಯಾರೋ ಒದ್ದ ಹಾಗಾಯಿತು. ಬಾಗಿಲು ತೆರೆದು ಜನ ನುಗ್ಗಿದರು. ಎಲ್ಲರಿಗಿಂತ ಮುಂದೆ ಮಾಲೀಕರೇ. ಅಮ್ಮ ನಲ್ಲಿ ಎಳೆದಳು.

ಸುಯ್ ಅಂತ ಸಣ್ಣ ಸದ್ದು. ಲೋಟ ತಳದಿಂದ ಮೇಲಕ್ಕೆ ತಿಳಿಯಾಗಿ ತುಂಬಿತು, ತುದಿಯಲ್ಲಿ ಬೆರಳಂಚಿನಷ್ಟು ಮಾತ್ರ ನೊರೆ. ಮಾಲೀಕರು ಗಟಗಟ ಕುಡಿದು, ತೇಗನ್ನು ಮರ್ಯಾದೆಗಾಗಿ ಮೂಗಿನಲ್ಲೇ ಬಿಟ್ಟು, "ಇನ್ನೊಂದು ಕೊಡಿ" ಅಂದರು. ಎರಡನೇ ಲೋಟವೂ ಹಾಗೇ. ಹತ್ತನೆಯದೂ ಹಾಗೇ. ಆಮೇಲೆ ಎಣಿಸಲಿಲ್ಲ. ಕೆಳಗಿನ ಸೀಟಿನವರು ಮೆಟ್ಟಿಲು ಹತ್ತಿ ಮೇಲೆ ಬರತೊಡಗಿದರು. ಹೋಗುವಾಗ ಮಾಲೀಕರು ತಿರುಗಿ ನೋಡದೆ, "ಬೀಗ ಕೊಂಡಿದ್ದೆ. ಸೈಕಲ್ಲಿಗೆ ಹಾಕ್ಕೋತೀನಿ ಬಿಡಿ" ಅಂದರು.

ಇಂಟರ್ವಲ್ ಮುಗಿದು ಬಾಗಿಲು ಮುಚ್ಚಿತು. ಕ್ರೇಟ್ ತರಲು ಕೆಳಗೆ ಹೋಗುವ ಹೊತ್ತು ಅದು. ಅಮ್ಮ ಅಭ್ಯಾಸಬಲದಿಂದ ಎರಡು ಹೆಜ್ಜೆ ಮೆಟ್ಟಿಲ ಕಡೆ ಹೋಗಿ ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು. "ಪುಟ್ಟಿ, ನಾನು ಒಳಗೆ ಹೋಗಿ ಕೂತ್ಕೊಳ್ಲಾ?" ಇಷ್ಟು ವರ್ಷ ಆ ಬಾಗಿಲಿನಾಚೆಯ ಸಿನಿಮಾಗಳನ್ನು ಅವಳು ಬರೀ ಕೇಳಿದ್ದಳು. ಇಬ್ಬರೂ ಒಳಗೆ ಹೋಗಿ ಕತ್ತಲಲ್ಲಿ ಕೂತ ಮೇಲೆ ನನ್ನ ಕಿವಿಗೆ ಬಾಗಿ, "ಮೊದಲರ್ಧ ಏನಾಯ್ತು ಹೇಳು" ಅಂದಳು. ನನಗೇನು ಗೊತ್ತು? ಕಥೆ ಅರ್ಥವಾಗದೆ ಇಬ್ಬರೂ ನಕ್ಕೆವು. ಹಿಂದಿನ ಸೀಟಿನವರು ಶ್ ಅಂದರು. ಸಿನಿಮಾದಲ್ಲಿ ಅಮ್ಮನಿಗೆ ಯಾರಾದರೂ ಶ್ ಅಂದದ್ದು ಅದೇ ಮೊದಲು. ಅವಳಿಗೆ ಅದೂ ಖುಷಿ.

ಈಗ ನಿಮ್ಮ ಜೊತೆ ನನ್ನ ಜಗಳ. ನಿಮ್ಮ "ಆಗಲ್ಲ" ಅನ್ನುವುದರ ಕೆಳಗೆ ಯಾರೋ, "ಫೀಲ್ಡಿಗೆ ಇಳಿಯದವರಿಗೆ ಎಲ್ಲಾ 'ಆಗಲ್ಲ'ವೇ" ಅಂತ ಹಲ್ಲುಕಿರಿದಿದ್ದ. ನೀವು ಬರೆದಿರಿ: "ನಿಜ ಕಣಪ್ಪಾ. ಕೈ ನಡುಗತ್ತೆ, ಒಂದು ಕ್ಲಾಂಪು ಬಿಗಿಯೋಕಾಗ್ತಿಲ್ಲ. ಉಪದೇಶ ಮಾಡೋಕೆ ನಾನ್ಯಾರು. ಹೋಗ್ತೀನಿ." ಗ್ರೂಪು ಬಿಟ್ಟಿರಿ. ಅಂದಿನಿಂದ ನಿಮಗೆ ಏನು ಕಳಿಸಿದರೂ ಒಂದೇ ಟಿಕ್ಕು. ಅದಕ್ಕೇ ಈ ಕಾಗದ. ಬಿಡಿಭಾಗದ ಅಂಗಡಿಯವರು ನಿಮ್ಮ ಬೀದಿಯವರೇ ಅಂತ ತಿಳಿಯಿತು, ವಾಷರ್ ಡಬ್ಬಿಯಲ್ಲಿಟ್ಟು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಕ್ಕ, ಆಗಲ್ಲ ಅಂದವರೂ ನೀವೇ, ಹೇಗೆ ಆಗತ್ತೆ ಅಂತ ಹೇಳಿಕೊಟ್ಟವರೂ ನೀವೇ. ನೀವು ಸೋತದ್ದು ನಿಮ್ಮ ಮಾತಿಗೇ. ನಡುಗುವ ಕೈ ಕ್ಲಾಂಪು ಬಿಗಿಯದಿದ್ದರೆ ಬೇಡ, ಅದಕ್ಕೆ ನನ್ನ ತರಚಿದ ಗೆಣ್ಣುಗಳಿವೆ. ಧ್ವನಿ ಸಂದೇಶ ಒತ್ತಿ ಹಿಡಿಯಲು ಒಂದು ಹೆಬ್ಬೆರಳು ಸಾಕು. ನಡುಗಿದರೂ ಒತ್ತುತ್ತದೆ.

ಅಮ್ಮ ನಿಮ್ಮ ಹೆಸರು ಕೇಳಿದಳು. ಗುಳ್ಳೆಯಕ್ಕ ಅಂದೆ. "ಯಾರಾದರೇನು, ಅವರ ಹೊಟ್ಟೆ ತಣ್ಣಗಿರಲಿ" ಅಂದಳು. ನನ್ನದೂ ಅದೇ ಹಾರೈಕೆ.

ಹೋಗಿ ಬರ್ತೀನಿ ಅಕ್ಕ,
ಈಗ ಸೋರದ ನಿಮ್ಮ ಲೀಕು

ಇನ್ನೊಂದು ಮಾತು. ಬಾಲ್ಕನಿಗೆ ಬನ್ನಿ, ಇಂಟರ್ವಲ್ಲಿನ ಮೊದಲ ಲೋಟ ನೀವೇ ಎಳೆಯಿರಿ. ನೊರೆ ಉಕ್ಕಿದರೆ ನಾನು ಗ್ರೂಪು ಬಿಡುತ್ತೇನೆ, ಉಕ್ಕದಿದ್ದರೆ ನೀವು ವಾಪಸ್ ಸೇರಬೇಕು. ಸೋಡಾಗೇ ಹೋಗಿ ಬರುವುದನ್ನು ಕಲಿಸಿದವರು, ಬರೀ "ಹೋಗ್ತೀನಿ" ಅಂದು ಕೂತಿದ್ದೀರಲ್ಲ, ಬರ್ತೀನಿ ಅನ್ನುವ ಧೈರ್ಯ ಇದೆಯಾ?