ಮೂರು ಪಾಲು ನೀರು

ಪಿರೇಯಸ್,
3 ಅಕ್ಟೋಬರ್ 1977

ನನ್ನ ಎವಾಂಥಿಯಾ,

ನಾನು ಕ್ಷೇಮ, ನನ್ನ ಗಂಟಲೂ ಕ್ಷೇಮ. ನಿನ್ನ ಸೊಂಟ ಹೇಗಿದೆ? ಕಾಗದ ತಡವಾಯಿತು. ನೀನು ಲಾರಿಸಾದಲ್ಲಿ ನಿನ್ನ ತಂಗಿ ಮನೆಯ ಕಿಟಕಿಗೆ ಅಂಟಿಕೊಂಡು ಕೂತು, ಅಂಚೆಯವನ ವಂಶಕ್ಕೆಲ್ಲ ಶಾಪ ಹಾಕಿರುತ್ತೀಯ. ವಾಪಸು ತೆಗೆದುಕೋ, ಪಾಪ, ಅಪರಾಧಿ ನಾನು. ಬರಿಗೈಯಲ್ಲಿ ರಂಗಕ್ಕೆ ಬರಬಾರದು, ಹೇಳಲು ಒಂದು ಸುದ್ದಿ ಇರಲಿ ಎಂದು ಕಾದೆ. ಈಗ ಇದೆ. ಪರದೆ ಎಳೆಯಿರಿ, ನಗಾರಿ ಬಾರಿಸಿ: ಮನೆ ಸಿಕ್ಕಿತು!

ಸಿಕ್ಕಿತು ಎಂದರೆ, ಮನೆಗೂ ನಮಗೂ ನಡುವೆ ಸ್ವಲ್ಪ ದುಡ್ಡು ನಿಂತಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮದುವೆಯಾದ ದಿನದಿಂದ ನಾವು ಮಲಗಿದ್ದು ನಾಟಕ ಕಂಪನಿಯ ಬಸ್ಸಿನಲ್ಲಿ, ಲಾಡ್ಜಿನಲ್ಲಿ, ಇಲ್ಲವೇ ಯಾರದೋ ಮನೆಯ ಹಿಂದಿನ ಕೋಣೆಯಲ್ಲಿ. ಒಂದು ಊರಿನ ಕ್ಯಾಂಪ್ ಮುಗಿಯಿತೋ, ಪೆಟ್ಟಿಗೆ ಕಟ್ಟಿ ಮುಂದಿನ ಊರು. ನಾನು ಮಹಾರಾಜನಾಗಿ ಹತ್ತಾರು ಅರಮನೆ ಆಳಿದ್ದೇನೆ, ಒಂದಕ್ಕೂ ಬಾಡಿಗೆ ಕೊಟ್ಟವನಲ್ಲ. ಈ ವಯಸ್ಸಿನಲ್ಲಿ ಪಿರೇಯಸ್ಸಿನ ಗೋಡೆ ಗೋಡೆಯ ಬಾಡಿಗೆ ಚೀಟಿ ಓದುತ್ತಾ ತಿರುಗುತ್ತಿದ್ದೇನೆ. ದೂರದ ಬಡಾವಣೆಗಳಲ್ಲಿ ಇದರ ಅರ್ಧಕ್ಕೆ ಮನೆ ಇದೆಯಂತೆ. ಆದರೆ ನಿನ್ನ ಅಪ್ಪಣೆ ನನಗೆ ಬಾಯಿಪಾಠ: "ಹಡಗುಕಟ್ಟೆಗೆ ಹತ್ರ ಇರ್ಬೇಕು. ಬಾಗಿಲಲ್ಲಿ ನಮ್ಮ ಹೆಸರಿರ್ಬೇಕು. ನಮಗೆ ಅಂತ ಒಂದು ಕಾಗದ ಬಂದ್ರೆ, ಅದು ನಮ್ಮನ್ನ ಹುಡುಕ್ಕೊಂಡು ಊರೂರು ಅಲೀಬಾರ್ದು." ಅಷ್ಟು ಹೇಳಿ ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ಯಾವ ಕಾಗದ ಎಂದು ನಾನು ಕೇಳಲಿಲ್ಲ. ಆದ್ದರಿಂದ ಬಂದರಿನ ಹಿಂದಿನ ಬೀದಿ, ಎರಡನೆಯ ಮಹಡಿ, ಎರಡು ಕೋಣೆ, ನಿಂತುಕೊಂಡು ಅಡುಗೆ ಮಾಡುವಷ್ಟು ಅಡುಗೆಮನೆ. ಬಾಡಿಗೆ ನಾಲ್ಕು ಸಾವಿರದ ಇನ್ನೂರು ದ್ರಾಖ್ಮಾ. ಕೂತು ಓದಿದೆಯಷ್ಟೇ?

ಮನೆಯೊಡತಿ ಕಿರಾ ಪೊಲಿಕ್ಸೇನಿ ಕೆಳಗಿನ ಮನೆಯಲ್ಲೇ ಇದ್ದಾಳೆ. ವಿಧವೆ, ಕಪ್ಪು ಬಟ್ಟೆ, ಕಣ್ಣು ಮಾತ್ರ ಟಿಕೆಟ್ ಹರಿಯುವವನದು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏನ್ ಕೆಲಸ ನಿಮ್ದು?"

"ನಟ, ಅಮ್ಮಾ. ಕಂಪನಿ ಮುಚ್ಚಿತು. ಮನೆಮನೇಲಿ ಟೆಲಿವಿಷನ್ ಬಂತಲ್ಲ."

"ನಟ್ರಾ! ರಾತ್ರಿಯೆಲ್ಲ ಕುಡ್ದು ಕೂಗಾಡ್ತೀರಾ?"

"ನಾನು ಕೂಗೋದು ಹಗಲು ಮಾತ್ರ. ಅದಕ್ಕೇ ಸಂಬಳ."

ಅದು ನಿಜವೇ. ಹಡಗುಕಟ್ಟೆಯ ಟಿಕೆಟ್ ಕಚೇರಿಯವರು ನನ್ನ ಗಂಟಲನ್ನು ತಿಂಗಳಿಗೆ ಆರೂವರೆ ಸಾವಿರಕ್ಕೆ ಕೊಂಡಿದ್ದಾರೆ. "ಐಗಿನಾ! ಪೋರೋಸ್! ಈದ್ರಾ! ಹೊರಟಿತು, ಹೊರಟಿತು!" ಎಂದು ದ್ವೀಪಗಳ ಹೆಸರು ಹಿಡಿದು ನಾನು ಗರ್ಜಿಸಿದರೆ ಆಚೆ ದಡದಲ್ಲಿ ಮೀನು ಮಾರುವವರು ತಿರುಗಿ ನೋಡುತ್ತಾರೆ. ಕೊನೆಯ ಸಾಲಿನವರೆಗೆ ಕೇಳಬೇಕು ಎಂದು ನಿನ್ನ ಅಪ್ಪ ಕೋಲು ಹಿಡಿದು ಕಲಿಸಿದ ಗಂಟಲು, ಈಗ ಬಾಡಿಗೆ ಕಟ್ಟಲಿದೆ.

ಮೂರು ತಿಂಗಳ ಬಾಡಿಗೆ ಮೊದಲೇ ಕೊಡಬೇಕು: ಒಂದು ತಿಂಗಳದು ಮುಂಗಡ, ಎರಡು ತಿಂಗಳದು ಠೇವಣಿ. ಅಲ್ಲಿಗೆ ಹನ್ನೆರಡು ಸಾವಿರದ ಆರುನೂರು. ಇಲ್ಲಿ ಮನೆ ಎಂದರೆ ಗೋಡೆ ಮತ್ತು ನಲ್ಲಿ. ಒಲೆಯಿಲ್ಲ, ಫ್ರಿಜ್ ಇಲ್ಲ. ಹಿಂದಿನವರು ಬಲ್ಬನ್ನೂ ಬಿಚ್ಚಿಕೊಂಡು ಹೋಗಿದ್ದಾರೆ. ಗ್ಯಾಸ್ ಒಲೆಗೆ ಸಾವಿರದ ನಾನೂರು, ಯಾರೋ ಬಳಸಿದ ಫ್ರಿಜ್ಜಿಗೆ ಮೂರು ಸಾವಿರ, ಲಾರಿಸಾದಿಂದ ಸಾಮಾನು ತರುವ ಲಾರಿಗೆ ಎರಡೂವರೆ. ಬಸ್ಸನ್ನೂ ರಂಗದ ದೀಪಗಳನ್ನೂ ಮಾರಿ ಬಂದದ್ದು ಇಪ್ಪತ್ತೆರಡು ಸಾವಿರ. ಎಲ್ಲ ಕಳೆದರೆ ಕೈಯಲ್ಲಿ ಎರಡೂವರೆ ಸಾವಿರ ಉಳಿಯುತ್ತದೆ. ಮಂಚ, ಬೀರು, ಮೇಜು, ಕುರ್ಚಿಗೆ ಅಂಗಡಿಯವನು ಆರು ಸಾವಿರ ಎಂದ. ನಿನ್ನ ತಂಗಿಯ ಗಂಡ ಸ್ತಾಥಿಸನಂತೂ ಇಪ್ಪತ್ತಾರರ ಸಂತ ದಿಮಿತ್ರಿಯ ಹಬ್ಬದೊಳಗೆ ನಿನ್ನ ಕೋಣೆ ತೆರವಾಗಬೇಕು, ಸೊಸೆ ಬರುತ್ತಾಳೆ ಎಂದಿದ್ದಾನೆ.

ಅಲ್ಲೇ ರಸ್ತೆಯಲ್ಲಿ ನಿಂತು ಹಣೆ ಚಚ್ಚಿಕೊಂಡೆ. ಎವಾಂಥಿಯಾ, ನಮ್ಮ ಹತ್ತಿರ ಮಂಚವಿಲ್ಲವೇ? ಬೀರು ಇಲ್ಲವೇ? ಸಿಂಹಾಸನವೇ ಇದೆಯಲ್ಲ! ಕಂಪನಿಯ ಗೋದಾಮಿನಲ್ಲಿ ಇಡೀ ಅರಮನೆ ಧೂಳು ಹಿಡಿಯುತ್ತಿರುವಾಗ ನಾನು ಯಾಕೆ ಕುರ್ಚಿ ಕೊಳ್ಳಲಿ? ಆರು ಸಾವಿರವನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿದೆ. ಲಾರಿಯವನಿಗೆ ಎಲ್ಲವನ್ನೂ ತುಂಬಲು ಹೇಳು. ಪರದೆಗಳನ್ನೂ ಬಿಡಬೇಡ.

ನಿನ್ನ ತಂಗಿ ಮರಿಗೋಗೆ ನನ್ನ ನಮಸ್ಕಾರ ಹೇಳು. ಸ್ತಾಥಿಸನಿಗೂ ಹೇಳು, ಸ್ವಲ್ಪ ಕಡಿಮೆ.

ನಿನ್ನ
ಅನೆಸ್ತಿಸ್

*

ಪಿರೇಯಸ್,
21 ಅಕ್ಟೋಬರ್ 1977

ನನ್ನ ರಾಣಿ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಇದೊಂದೇ ಉತ್ತರ, ಕ್ಷಮಿಸು. ಕೈತುಂಬಾ ಗುಳ್ಳೆ, ಗರಗಸ ಹಿಡಿದು ಬಂದದ್ದು. ಯಾಕೆಂದು ಕೇಳು.

ಲಾರಿ ಬಂತು. ಬೀದಿಯ ಹೆಂಗಸರೆಲ್ಲ ಬಾಲ್ಕನಿಗೆ ಬಂದರು. ಮೊದಲು ಸಿಂಹಾಸನ ಇಳಿಯಿತು, ಆಮೇಲೆ ಚಿನ್ನದ ಕಂಬಗಳ ಮಂಚ. "ಯಾವನಪ್ಪಾ ಇವ್ನು, ದೇಶ ಬಿಟ್ಟೋಡಿದ ರಾಜನಾ?" ಎಂದು ಒಬ್ಬಳು ಮೇಲಿನಿಂದ ಕೂಗಿದಳು. "ಬಾಡಿಗೆ ಕಟ್ಟೋ ರಾಜ ಕಣಮ್ಮಾ!" ಎಂದು ನಾನೂ ಕೂಗಿದೆ. ಚಪ್ಪಾಳೆ ಬಿತ್ತು, ಎವಾಂಥಿಯಾ. ಎಷ್ಟು ದಿನವಾಗಿತ್ತು!

ಮಧ್ಯಾಹ್ನ ಉಂಡು, ರಾಣಿಯ ಮರಣಶಯ್ಯೆಯ ಮೇಲೆ ಕಾಲು ಚಾಚಿದೆ. ಕಣ್ಣು ಹತ್ತಿದ್ದೇ ತಡ, ದಬ್ ಎಂದು ನೆಲಕ್ಕೆ ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ದಬ್. ಆಗ ನೆನಪಾಯಿತು. ಸಾಯುವವಳ ಮುಖ ಹಿಂದಿನ ಸಾಲಿಗೂ ಕಾಣಲಿ ಎಂದು ನಾವೇ ಆ ಮಂಚದ ಗೋಡೆ ಬದಿಯ ಕಾಲುಗಳನ್ನು ಒಂದು ಗೇಣು ಎತ್ತರ ಮಾಡಿಸಿದ್ದೆವಲ್ಲ! ನೀನು ಇಷ್ಟು ವರ್ಷ ಅದರ ಮೇಲೆ ಸತ್ತೆ, ಒಮ್ಮೆಯೂ ಉರುಳಲಿಲ್ಲ. ಹೇಗೆ? ಹಿಮ್ಮಡಿ ಒತ್ತಿ ಹಿಡಿದಿದ್ದೆಯಾ? ನನಗೆ ಹೇಳಲೇ ಇಲ್ಲ.

ಇನ್ನು ಬೀರು. ಬಾಗಿಲು ತೆರೆದು ಕೋಟು ತೂಗು ಹಾಕಿದೆ, ಕೋಟು ಗೋಡೆಗೆ ಒರಗಿ ಕೆಳಗೆ ಜಾರಿತು. ಹಿಂದೆ ಏನೂ ಇಲ್ಲ! ಬರೀ ಮುಂಭಾಗ, ಬಣ್ಣ ಬಳಿದ ಬಟ್ಟೆ. ಮೇಜಿಗೆ ಪ್ರೇಕ್ಷಕರ ಕಡೆ ಎರಡು ಕಾಲಿದೆ, ಹಿಂದಿನದು ಒಂದೇ. ಜೀವನವಿಡೀ ಆ ಸಾಮಾನಿನ ನಡುವೆ ಬದುಕಿದವನು ನಾನು, ಆದರೂ ಅದನ್ನು ಸಾಮಾನೆಂದೇ ನಂಬಿ ಲೆಕ್ಕ ಹಾಕಿದ್ದೆ. ನಗು, ನಗು. ನಿನ್ನ ನಗು ಲಾರಿಸಾದಿಂದ ಇಲ್ಲಿಗೆ ಕೇಳಿಸುತ್ತಿದೆ.

ಸರಿಯಾಗಿ ಅದೇ ಹೊತ್ತಿಗೆ ಕಿರಾ ಪೊಲಿಕ್ಸೇನಿ ಸೀಬೆಯಂಥ ಹಳದಿ ಹಣ್ಣಿನ ಮುರಬ್ಬ ಹಿಡಿದು ಬಂದಳು. "ಬೇರೂರಲಿ ಮನೆ," ಎಂದು ಹೊಸಿಲಲ್ಲೇ ಹರಸಿದಳು. ನಮಗೆ ಯಾರಾದರೂ ಹಾಗೆ ಹರಸಿದ್ದು ಇದೇ ಮೊದಲು. ಗೌರವದಿಂದ ಸಿಂಹಾಸನ ತೋರಿಸಿದೆ. ಕೂತಳು. ಬಲಗೈ ಊರಿದಳು. ಸಿಂಹದ ತಲೆ ಕಿತ್ತು ಅವಳ ಕೈಗೇ ಬಂತು.

"ಇದ್ಯಾವ ಸಾಮ್ರಾಜ್ಯ ರೀ, ಒಬ್ಬ ಮುದುಕಿ ಭಾರ ತಡೀದೇ ಇರೋದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೀರಿನ ಬಾಗಿಲು ತೆರೆದಳು. ಗೋಡೆ ನೋಡಿದಳು. ಮುಚ್ಚಿದಳು. ಮತ್ತೊಮ್ಮೆ ತೆರೆದಳು, ಗೋಡೆ ಎಲ್ಲಿಗಾದರೂ ಹೋಗಿದೆಯೇ ಎಂದು ನೋಡುವವಳಂತೆ. ಮುಖ ಬಿಗಿಯಿತು.

"ಬೀರು ಬಟ್ಟೇದು. ಮಂಚ ಇಳಿಜಾರು. ನೀವು ಕೊಟ್ಟ ನೋಟುಗಳೂ ಬಣ್ಣ ಬಳಿದಿದ್ದಾ?"

ಎಪ್ರನ್ನಿನ ಜೇಬಿನಿಂದ ಒಂದು ನೋಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೇ ಬಿಟ್ಟಳು! ನನಗೆ ನಗು ಬರಲಿಲ್ಲ. ಠೇವಣಿ ಕೊಟ್ಟಾಗಿದೆ, ಲಾರಿ ವಾಪಸು ಹೋಗಿದೆ, ಇನ್ನೈದು ದಿನಕ್ಕೆ ನಿನ್ನ ಕೋಣೆ ಸೊಸೆಯದು. ಈಕೆ "ಹೊರಡಿ" ಎಂದರೆ ನಾವು ಎಲ್ಲಿ ಹೊರಡುವುದು? ಬಸ್ಸನ್ನೂ ಮಾರಿದ್ದೇವೆ.

"ಅಮ್ಮಾ, ಸಾಮಾನು ಸುಳ್ಳು, ದುಡ್ಡು ನಿಜ," ಎಂದೆ. ಸಣ್ಣ ದನಿಯಲ್ಲಿ. ಹೆಣದ ಪಾತ್ರ ಮಾಡಿದಾಗಲೂ ನಾನು ಅಷ್ಟು ಸಣ್ಣಗೆ ಉಸಿರಾಡಿರಲಿಲ್ಲ. "ನನ್ನ ಹೆಂಡತಿ ಇವತ್ತಿನವರೆಗೆ ಸ್ವಂತ ಬೀಗದಕೈ ಕಂಡವಳಲ್ಲ. ಸೊಂಟ ಮುರ್ಕೊಂಡು ತಂಗಿ ಮನೇಲಿ ಕಾಯ್ತಿದ್ದಾಳೆ. ಮಂಚ ನಾನು ಸರಿಮಾಡ್ತೀನಿ."

ಅವಳು ನೋಟನ್ನು ಮಡಚಿ ಒಳಗಿಟ್ಟಳು. ಕೆಳಗಿಳಿದು ಹೋದಳು. ಮುಗಿಯಿತು ಎಂದುಕೊಂಡೆ. ಮೆಟ್ಟಿಲಲ್ಲಿ ಮತ್ತೆ ಸಪ್ಪಳ. ಸತ್ತ ಗಂಡನ ಗರಗಸ ತಂದು ನನ್ನ ಕೈಗೆ ಕೊಟ್ಟಳು.

"ಎತ್ತರ ಇರೋ ಕಾಲು ಕೊಯ್ರಿ. ಗಿಡ್ಡ ಇರೋದನ್ನ ಕೊಯ್ದೀರಾ ಮತ್ತೆ! ನಟ್ರನ್ನ ನಂಬೋಕಾಗಲ್ಲ."

ಮಂಚ ಈಗ ನೆಟ್ಟಗಿದೆ. ಮೇಲೆ ಒಂದು ಕಿತ್ತಳೆ ಇಟ್ಟು ಪರೀಕ್ಷಿಸಿದೆ, ಉರುಳಲಿಲ್ಲ. ಬೀರಿನ ಬಟ್ಟೆಯ ಹಿಂದೆ ಗೋಡೆಗೆ ಸಾಲಾಗಿ ಮೊಳೆ ಹೊಡೆದೆ. ಬಾಗಿಲು ತೆರೆದರೆ ಬಟ್ಟೆ ಸಿಗುತ್ತದೆ, ಇನ್ನೇನು ಬೇಕು? ಅರಮನೆಯ ಪರದೆ ಮಲಗುವ ಕೋಣೆಯ ಕಿಟಕಿಗಾಯಿತು. ಅಡುಗೆಮನೆಗೆ ಕಾಡಿನ ಪರದೆ ಕತ್ತರಿಸಿದೆ, ಜಿಂಕೆಯ ಅರ್ಧವಷ್ಟೇ ಉಳಿದಿದೆ, ಹಿಂದಿನ ಅರ್ಧ. ಬೇಸರಪಡಬೇಡ. ನಿಜವಾದ ಕುರ್ಚಿ ಎರಡು ಕೊಂಡೆ, ಆರುನೂರು. ಹಾಸಿಗೆಗೆ ಒಂಬೈನೂರು. ಎರಡೂವರೆ ಸಾವಿರದಲ್ಲಿ ಸಾವಿರ ಇನ್ನೂ ಇದೆ. ಅದನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ನಿನ್ನ ರೈಲು ಟಿಕೆಟ್ ತೆಗೆ. ಮಲಗಿ ಬರುವ ಸೀಟೇ ತೆಗೆ. ಸೊಂಟದ ಮೇಲೆ ಉಳಿತಾಯ ಬೇಡ.

ಇನ್ನು ತಿಂಗಳ ಖರ್ಚು. ಸಂಬಳ ಆರೂವರೆ ಸಾವಿರ. ಬಾಡಿಗೆ ನಾಲ್ಕು ಸಾವಿರದ ಇನ್ನೂರು. ಗ್ಯಾಸು, ಕರೆಂಟಿಗೆ ನಾನೂರು ಇಟ್ಟಿದ್ದೇನೆ. ನೀರು ಮತ್ತು ಮೆಟ್ಟಿಲು ತೊಳೆಯುವವಳ ಕೂಲಿ ಈ ಕಟ್ಟಡದಲ್ಲಿ ತಲೆಗೆ ಇಷ್ಟೆಂದು. ತಲೆಗೆ ಅರವತ್ತು, ಒಟ್ಟು ನೂರ ಎಂಬತ್ತು. ಎರಡು ತಲೆಗೆ ನೂರ ಇಪ್ಪತ್ತೇ ಆಗಬೇಕು, ಗೊತ್ತು. ಬೈಯುವ ಮೊದಲು ಕಾಗದದ ತುದಿಯವರೆಗೆ ಓದು. ಉಳಿದ ಸಾವಿರದ ಏಳುನೂರು ಚಿಲ್ಲರೆಯಲ್ಲಿ ರೊಟ್ಟಿ, ಎಣ್ಣೆ, ಬೇಳೆ; ಭಾನುವಾರ ಮೀನು, ಸಣ್ಣದು. ನಿನ್ನ ಹೊಲಿಗೆ ಯಂತ್ರ ಕಿಟಕಿಯ ಪಕ್ಕ ಇಟ್ಟಿದ್ದೇನೆ. ಕಿರಾ ಪೊಲಿಕ್ಸೇನಿ ಆಗಲೇ ಒಂದು ಲಂಗ ತಂದು ಅದರ ಮೇಲೆ ಬಿಸಾಡಿ ಹೋದಳು: "ನಿಮ್ಮವಳು ಬರ್ಲಿ, ಅಂಚು ಮಡಚಿಕೊಡ್ಲಿ. ದುಡ್ಡು ಕೊಡ್ತೀನಿ, ಬಣ್ಣ ಬಳಿದಿದ್ದಲ್ಲ."

ಬೇಗ ಬಾ. ಬಾಗಿಲು ನೀನೇ ತೆರೆಯಬೇಕು. ಹೊಸ ಮನೆಗೆ ಶುಭವೆಂದು ಹೊಸಿಲಲ್ಲಿ ಒಡೆಯಲು ದಾಳಿಂಬೆ ತಂದಿಟ್ಟಿದ್ದೇನೆ, ನಿಜವಾದದ್ದು. ಕಚ್ಚಿ ನೋಡಿಯೇ ಕೊಂಡೆ. ಪುಣ್ಯಮಾತೆ ನಿನ್ನನ್ನು ದಾರಿಯುದ್ದಕ್ಕೂ ಕಾಯಲಿ, ನಿನ್ನ ಸೊಂಟಕ್ಕೆ ಮೆಟ್ಟಿಲು ಹತ್ತುವ ಬಲ ಕೊಡಲಿ, ಇದೇ ನಮ್ಮ ಕೊನೆಯ ಕ್ಯಾಂಪ್ ಆಗಲಿ.

ನಿನ್ನ
ಅನೆಸ್ತಿಸ್

ತಾ.ಕ.: ಆ ಮೂರನೆಯ ಪಾಲಿನ ವಿಷಯ. ಬೀದಿ ಬಾಗಿಲಲ್ಲಿ ಪ್ರತಿ ಮನೆಗೂ ಒಂದು ಗಂಟೆ ಗುಂಡಿ, ಅದರ ಪಕ್ಕ ಹೆಸರಿನ ಚೀಟಿ. ನನ್ನದು ಬರೆದೆ, ನಿನ್ನದು ಬರೆದೆ. ಇನ್ನೂ ಜಾಗವಿತ್ತು. ಅರ್ಗೀರಿಸ್ ಎಂದೂ ಬರೆದೆ.

ಕಿರಾ ಪೊಲಿಕ್ಸೇನಿ ಕನ್ನಡಕ ಹಾಕಿಕೊಂಡು ಓದಿದಳು. "ಮೂರನೇದು ಯಾರು?"

"ಮಗ."

"ಮಗ ಇದ್ದಾನೆ ಅಂತ ಹೇಳ್ಲೇ ಇಲ್ಲ! ಎಲ್ಲಿದ್ದಾನೆ?"

"ಹಡಗಲ್ಲಿ."

"ಯಾವ ಹಡಗು?"

ಎವಾಂಥಿಯಾ, ಅವನ ಕೊನೆಯ ಕಾಗದ ನಮ್ಮ ಹಿಂದೆ ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದು ಬಂದು ಆರು ವರ್ಷವಾಯಿತು. ಅದು ನಮ್ಮ ಕೈಸೇರುವಷ್ಟರಲ್ಲೇ ಅವನು ಆ ಹಡಗು ಬಿಟ್ಟಿದ್ದ. ಚೀಟಿಯ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದೆ. ರಂಗದಲ್ಲಾದರೆ ಇಂಥ ಹೊತ್ತಿನಲ್ಲಿ ಪರದೆಯ ಹಿಂದಿನಿಂದ ಯಾರಾದರೂ ಮಾತು ಕೊಡುತ್ತಿದ್ದರು.

ಅವಳು ಕನ್ನಡಕ ತೆಗೆದು ಮಡಚಿದಳು. "ಆಯ್ತು ಬಿಡಿ. ಅವನ ಪಾಲಿನ ನೀರಿನ ದುಡ್ಡು ಅವನು ಬಂದ್ಮೇಲೆ ಕೊಡುವಿರಂತೆ," ಎಂದಳು.

"ಇಲ್ಲಮ್ಮಾ," ಎಂದೆ. "ಈ ತಿಂಗಳಿಂದ್ಲೇ ತಗೊಳ್ಳಿ."

ಅರವತ್ತು ದ್ರಾಖ್ಮಾ ನಿನಗೆ ಹೆಚ್ಚೆನಿಸಿದರೆ ನನ್ನ ಸಿಗರೇಟಿನಲ್ಲಿ ಕಳೆದುಕೋ.