ಮೇಲಿನ ಮನೆಯ ಗಂಡು, ಇಪ್ಪತ್ತೈದು ಪಿನ್ನು

ನನ್ನ ಬಡಾಯಿ ಅಪ್ಪನಿಗೆ,

ನೀನು ಮಾನಿಟರನ್ನು ಲೋಕಲ್ ರೈಲಿನಲ್ಲಿ ಹೊತ್ತು ತಂದ ಸಂಜೆ ನೆನಪಿದೆಯಾ? ಗ್ರಾಂಟ್ ರೋಡಿನಿಂದ ಪಾರ್ಲೆಯವರೆಗೂ ಅದನ್ನು ಕೂಸಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡು ಬಂದೆ. ಎದುರಿಗೆ ಕುಳಿತವನು ಟೀವಿ ಎಂದುಕೊಂಡು ಸ್ಕೋರ್ ಎಷ್ಟಾಯಿತು ಎಂದು ಕೇಳಿದನಂತೆ. ಇನ್ನೂ ಬ್ಯಾಟಿಂಗೇ ಶುರುವಾಗಿಲ್ಲ ಎಂದೆಯಂತೆ ನೀನು. ಮನೆಗೆ ಬಂದು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು ನಕ್ಕೆ. ಅಮ್ಮ ಮಾತ್ರ ನಗಲಿಲ್ಲ.

ಅವಳು ಹೇಗೆ ನಕ್ಕಾಳು? ಬೇರೆಯವರ ಮನೆಯಲ್ಲಿ ಮಗಳಿಗೆ ಒಡವೆ ಮಾಡಿಸುವ ಹಾಗೆ ನೀನು ನನಗೆ ಕಂಪ್ಯೂಟರ್ ಮಾಡಿಸುತ್ತಿದ್ದೆ. ದೀಪಾವಳಿಗೆ ಕ್ಯಾಬಿನೆಟ್, ಸಂಕ್ರಾಂತಿಗೆ ಮದರ್‌ಬೋರ್ಡ್, ಬೋನಸ್ ಬಂದಾಗ ಫ್ಲಾಪಿ ಡ್ರೈವ್. "ಏನ್ರೀ, ಅವಳಿಗೆ ಬಳೆ ಮಾಡ್ಸಿ ಅಂದ್ರೆ ಕೀಬೋರ್ಡ್ ತಂದಿದೀರಲ್ಲ! ಇದನ್ನ ಕೈಗೆ ಹಾಕ್ಕೊಂಡು ಹಸೆಮಣೆ ಮೇಲೆ ಕೂತ್ಕೋತಾಳಾ?" ಎಂದು ಅಮ್ಮ ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮೈಸೂರಿನಲ್ಲಿ ಸೋದರಮಾವ ನನಗಾಗಿ ಜಾತಕಗಳನ್ನು ಆರಿಸಿಟ್ಟುಕೊಂಡು ಕಾಯುತ್ತಿದ್ದ. ಡಿಗ್ರಿ ಮುಗಿದಿತ್ತು, ಅಂಧೇರಿಯ ಕಂಪ್ಯೂಟರ್ ಕ್ಲಾಸೂ ಮುಗಿದಿತ್ತು, ಕೆಲಸ ಮಾತ್ರ ಸಿಕ್ಕಿರಲಿಲ್ಲ. ಬೇಸಿಗೆಯೊಳಗೆ ಸಿಗದಿದ್ದರೆ ಮೈಸೂರಿಗೆ ಹೋಗಿ ಗಂಡಿನ ಕಡೆಯವರ ಮುಂದೆ ಕೂರಬೇಕು ಎಂಬುದು ಅಮ್ಮನ ಷರತ್ತು. ನೀನು ಒಪ್ಪಿಕೊಂಡುಬಿಟ್ಟಿದ್ದೆ. ಒಪ್ಪದಿದ್ದರೆ ಕೀಬೋರ್ಡಿಗೆ ಮನೆಯೊಳಗೆ ಪ್ರವೇಶವೇ ಇರುತ್ತಿರಲಿಲ್ಲ.

ಆಮೇಲೆ ಆ ಭಾನುವಾರ. ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಬಳಿಸಿಕೊಂಡು ಕುಳಿತವನಿಗೆ ಪಕ್ಕದ ಕುರ್ಚಿಯ ಮೆನನ್ ಅಂಕಲ್ ಜೊತೆ ಮಾತು ಯಾಕೆ ಬೇಕಿತ್ತು ಅಪ್ಪಾ? ಅಂಧೇರಿಯಲ್ಲಿ ಅವರದೊಂದು ಸಣ್ಣ ಕಂಪನಿ. ಆಫೀಸುಗಳಿಗೆ ಕಂಪ್ಯೂಟರ್ ಕೊಡುತ್ತಾರೆ, ಒಂದಕ್ಕೊಂದು ಜೋಡಿಸಲು ಗೊತ್ತಿರುವವರು ಸಿಗುತ್ತಿಲ್ಲ ಎಂದು ಅವರು ಗೋಳು ಹೇಳಿಕೊಂಡರಂತೆ. ನೀನು ಸೋಪಿನ ಬಾಯಲ್ಲೇ, ನನ್ನ ಮಗಳು ದಿನಾ ಅದನ್ನೇ ಮಾಡುತ್ತಾಳೆ ಎಂದುಬಿಟ್ಟೆ. ನಾಳೆ ಬಿಟ್ಟು ಮುಂದಿನ ಸೋಮವಾರ ಕಳಿಸಿ ಎಂದರು ಅವರು. ನಾನು ಜನ್ಮದಲ್ಲಿ ಎರಡು ಕಂಪ್ಯೂಟರನ್ನು ಒಟ್ಟಿಗೆ ಮುಟ್ಟಿದವಳಲ್ಲ. ಮನೆಯಲ್ಲಿ ಕಿರುಚಾಡಿದೆ. ನೀನು ಮಾತ್ರ ನುಣುಪಾದ ಗಲ್ಲ ಸವರಿಕೊಳ್ಳುತ್ತಾ, "ಅದಕ್ಕೇನೀಗ? ಸೋಮವಾರದೊಳಗೆ ಕಲಿತುಬಿಡು. ಆಗ ನಾನು ಹೇಳಿದ್ದು ಸುಳ್ಳಾಗಲ್ಲ" ಎಂದೆ.

ಕಲಿಯಲು ಇನ್ನೊಂದು ಕಂಪ್ಯೂಟರ್ ಬೇಕಲ್ಲ? ಇಡೀ ಬಿಲ್ಡಿಂಗಿನಲ್ಲಿ ಇದ್ದದ್ದು ಒಂದೇ. ನಮ್ಮ ತಲೆಯ ಮೇಲೆ, ಮೂರನೇ ಮಹಡಿಯಲ್ಲಿ, ಧಾರವಾಡದ ಇಂದೂ ಕಾಕು ಮನೆಯಲ್ಲಿ. ಪುಣೆಯಲ್ಲಿ ಕೆಲಸಕ್ಕಿದ್ದ ಮಗ ಸುಧೀರನ ಮಷೀನು. ಅದಕ್ಕೆ ಕಸೂತಿ ಹಾಕಿದ ಹೊದಿಕೆ, ಅದರ ಕೋಣೆಗೆ ಚಪ್ಪಲಿ ನಿಷಿದ್ಧ. ನಮ್ಮ ಕಿಟಕಿಯಿಂದ ಅವರ ಕಿಟಕಿಗೆ ಒಂದು ಕೇಬಲ್ ಎಳೆಯುತ್ತೇವೆ ಎಂದಾಗ ಕಾಕು ಮುಖ ಸಣ್ಣದು ಮಾಡಿದರು. "ಮಗನ್ನ ಕೇಳಿ ಹೇಳ್ತೀನ್ರಿ" ಎಂದರು. ಅದು ಬೇಡ ಎನ್ನುವ ಮಾತೇ. ಅಷ್ಟರಲ್ಲಿ ನಾನು ಹೊದಿಕೆ ಎತ್ತಿ ಮಷೀನಿನ ಬೆನ್ನು ನೋಡಿಕೊಂಡಿದ್ದೆ.

ಲ್ಯಾಮಿಂಗ್ಟನ್ ರೋಡಿನ ಆ ಅಂಗಡಿಯಲ್ಲಿ ನಿನ್ನ ಮುಖ ನೋಡಬೇಕಿತ್ತು! ಕೇಬಲ್ ಸಿಗಿಸುವ ಕಡೆ ಪಿನ್ನುಗಳು ಹೊರಚಾಚಿದ್ದರೆ ಗಂಡು, ತೂತುಗಳಿದ್ದರೆ ಹೆಣ್ಣು, ಎಲ್ಲ ಅಂಗಡಿಯವರೂ ಹಾಗೇ ಹೇಳುವುದು. ನಮ್ಮ ಕಂಪ್ಯೂಟರಿನ ಬೆನ್ನಲ್ಲಿ ಇದ್ದದ್ದು ಗಂಡು, ಕಾಕು ಮನೆಯದರಲ್ಲೂ ಗಂಡೇ. ಆದ್ದರಿಂದ ಕೇಬಲ್ಲಿನ ಎರಡು ಕೊನೆಗೂ ಹೆಣ್ಣೇ ಬೇಕು. ಮಗಳನ್ನು ಪಕ್ಕದಲ್ಲಿಟ್ಟುಕೊಂಡು ಆ ಮಾತು ಆಡಲು ನಿನಗೆ ಸಂಕೋಚ. ಕೊನೆಗೆ ನಮ್ಮ ಲೋಕಲ್ಲಿನ ಡಬ್ಬಿಗಳ ಮೇಲಿನ ಬೋರ್ಡೇ ನಿನ್ನ ಕೈ ಹಿಡಿಯಿತು. "ಭಾಯ್, ವೋ ಕೇಬಲ್... ದೋನೋ ತರಫ್ ಲೇಡೀಸ್" ಎಂದೆ. ಅಂಗಡಿಯವನು ಒಳಗೆ ತಿರುಗಿ ಬೀದಿಗೆಲ್ಲ ಕೇಳುವಂತೆ, "ಅರೇ, ಅಂಕಲ್ ಕೋ ದೋ ಲೇಡೀಸ್ ದಿಖಾ!" ಎಂದು ಕೂಗಿದ. ನೀನು ಕೇಬಲ್ ಕಂಕುಳಲ್ಲಿ ಇಟ್ಟುಕೊಂಡು ಹಿಂದಿರುಗಿ ನೋಡದೆ ನಡೆದೆ, ನಾನು ನಗು ತಡೆಯಲಾರದೆ ಫುಟ್‌ಪಾತಿನಲ್ಲೇ ಕುಳಿತೆ.

ಅದೇ ಸಂಜೆ ನಮ್ಮ ಮೆಟ್ಟಿಲು ಹತ್ತುವಾಗ ನಡೆದ ಮಾತುಕತೆಯನ್ನು ನಾನು ಎಷ್ಟು ಜನರಿಗೆ ಅಭಿನಯಿಸಿ ತೋರಿಸಿದ್ದೇನೋ.

"ಮೇಲಿನ ಮನೆ ಗಂಡು ಇಪ್ಪತ್ತೈದೇ ತಾನೆ? ಸರಿಯಾಗಿ ನೋಡಿದೀಯಾ?"

"ಹಿಂದಿನಿಂದ ನೋಡ್ದೆ ಅಪ್ಪ. ಇಪ್ಪತ್ತೈದೇ."

"ಹಾಗಾದ್ರೆ ನಮ್ಮದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದ್ಸಲ ಕೂಡಿಬಿಟ್ರೆ ಕಾಕು ಬೇಡ ಅನ್ನಲ್ಲ ಬಿಡು."

ನೀನು ಹೇಳಿದ್ದು ಪಿನ್ನಿನ ಲೆಕ್ಕ. ಮೇಲಿನ ಮೆಟ್ಟಿಲಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಕಾಕು ಕೇಳಿಸಿಕೊಂಡದ್ದು ಮದುವೆಯ ಮಾತು. ಮರುದಿನದಿಂದ ಅವರ ಮನೆಯ ಬಾಗಿಲು ತೆರೆದೇ ಇತ್ತು. ಕೇಬಲ್ ಎಳೆದುಕೊಳ್ಳಿ ಎಂದರು. ಕಸೂತಿಯ ಹೊದಿಕೆಯನ್ನು ಅವರೇ ತೆಗೆದರು. ನಾನು ಹೋದಾಗಲೆಲ್ಲ ಚುರುಮುರಿ, ಚಹಾ, ತಲೆಗೊಂದು ಹೂವಿನ ಗಜರೆ. ನಾವಿಬ್ಬರೂ ಎಂಥ ದಡ್ಡರು ಅಪ್ಪಾ, ಧಾರವಾಡದವರ ಮನಸ್ಸೇ ದೊಡ್ಡದು ಎಂದು ಹೊಗಳಿಕೊಂಡು ತಿಂದೆವು!

ಶನಿವಾರ ಸಂಜೆಯಾದರೂ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸಿರಲಿಲ್ಲ. ಇಲ್ಲಿ ಒತ್ತಿದ ಅಕ್ಷರ ಅಲ್ಲಿ ಕಾಣಿಸಬೇಕು, ಅಷ್ಟೇ ಮಾಡುವ ಪುಟ್ಟ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಏನೂ ಕಾಣಿಸುತ್ತಿರಲಿಲ್ಲ. ಆ ಹೊತ್ತಿಗೆ ಕಾಕು ಜರಿ ಸೀರೆ ಉಟ್ಟು, ಅರಿಶಿನ ಹಚ್ಚಿದ ಕಾಗದ ಹಿಡಿದು ಕೆಳಗಿಳಿದು ಬಂದರು. "ನಿಮ್ಮ ಬಾಯಿಂದ ಬರ್ಲಿ ಅಂತ ಕಾದೆ. ನೀವು ಭಾಳ ಸಂಕೋಚದ ಮಂದಿ. ತಗೋರಿ, ನಮ್ಮ ಸುಧೀರನ ಜಾತಕ" ಎಂದರು. ಅಮ್ಮನ ಮುಖ ಅರಳಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನೀನು ಜಾತಕ ಇಸಿದುಕೊಂಡು ಎರಡು ದಿನ ಸುಮ್ಮನಿದ್ದಿದ್ದರೂ ಸಾಕಿತ್ತು, ನಮ್ಮ ಕೆಲಸ ಆಗುತ್ತಿತ್ತು. ನಿಜ ಹೇಳಿದರೆ ಕಾಕು ಬೇಸರಪಟ್ಟು ಬಾಗಿಲು ಹಾಕಿಕೊಂಡರೆ ಸೋಮವಾರ ನಾನು ಯಾವ ಮುಖ ಹೊತ್ತು ಹೋಗುವುದು?

ನೀನು ಎದ್ದು ಹೋಗಿ ನಮ್ಮ ಮಷೀನನ್ನೇ ಕಾಕು ಕಡೆ ತಿರುಗಿಸಿದೆ. "ಕಾಕು, ತಪ್ಪು ತಿಳೀಬೇಡಿ. ನಾನು ಹೇಳಿದ ಗಂಡು ಇದು. ನಿಮ್ಮ ಮಷೀನಲ್ಲೂ ಇಂಥದ್ದೇ ಇದೆ. ಇಪ್ಪತ್ತೈದು ಅಂದದ್ದು ಈ ಪಿನ್ನು" ಎಂದೆ. ಕಾಕು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಒಂದೊಂದೇ ಪಿನ್ನು ಎಣಿಸಿದರು. ಎಣಿಸಿ ಮುಗಿಸಿ ಸೋಫಾದ ಮೇಲೆ ಕುಸಿದು ಕುಳಿತು ನಗತೊಡಗಿದರು ನೋಡು, ಕಣ್ಣಲ್ಲೆಲ್ಲ ನೀರು. "ಅಯ್ಯ ಶಿವನ! ನಮ್ಮ ಹುಡುಗಗ ಇಪ್ಪತ್ತೆಂಟು. ಹಿಂದಿಂದ ನೋಡಿದ್ರ ಇಪ್ಪತ್ತೈದು ಕಾಣ್ತಾನ ಅಂತ ನಾ ಖುಷಿ ಪಟ್ಟಿದ್ದೆ! ಹೋಗ್ಲಿ ಬಿಡ್ರಿ, ನಿಮ್ಮ ಗಂಡುಗಳನ್ನ ಮೊದ್ಲ ಕೂಡಸ್ರಿ. ನಾಳೆ ಊಟಕ್ಕ ಬರ್ರಿ, ಹೋಳಿಗಿಗೆ ಬ್ಯಾಳಿ ತಂದಿಟ್ಟೀನಿ" ಎಂದರು. ಆ ದಿನ ನಿನ್ನ ಮೇಲೆ ನನಗೆ ಉಕ್ಕಿ ಬಂದ ಪ್ರೀತಿಯನ್ನು ನಿನಗೆ ಹೇಳಲೇ ಇಲ್ಲ. ಈಗ ಹೇಳುತ್ತಿದ್ದೇನೆ.

ಭಾನುವಾರ ನೀನು ಕೆಳಗೆ, ನಾನು ಮೇಲೆ. ನೀನು ಕಿಟಕಿಯಿಂದ "ಬಂತಾ?" ಎಂದು ಕೂಗುತ್ತಿದ್ದೆ, ಅದೇ ಕ್ಷಣಕ್ಕೆ ನಾನು "ಕಳಿಸಿದ್ಯಾ?" ಎಂದು ಕೂಗುತ್ತಿದ್ದೆ. ಬೀದಿಯವರೆಲ್ಲ ಮೇಲೆ ನೋಡುತ್ತಿದ್ದರು. ಕೊನೆಗೆ ಅಮ್ಮ ಸೌಟು ಹಿಡಿದೇ ಕಿಟಕಿಯಿಂದ ತಲೆ ಹೊರಹಾಕಿದಳು. "ಇಬ್ರೂ ಒಟ್ಟಿಗೆ ಬಾಯಿ ಮಾಡಿದ್ರೆ ಕೇಳಿಸ್ಕೊಳೋರು ಯಾರು?" ಎಂದು ಗದರಿದಳು. ಆ ಮಾತು ಕೇಳಿದ್ದೇ ನೀನು ಧಡಧಡ ಮೆಟ್ಟಿಲು ಹತ್ತಿ ಬಂದೆ. "ಪುಟ್ಟಿ, ಎರಡನೇ ಪಿನ್ನು ಮಾತಾಡೋದು, ಮೂರನೇದು ಕೇಳೋದು ಅಲ್ವಾ? ನಾವು ಬಾಯಿಗೆ ಬಾಯಿ ಜೋಡಿಸಿದೀವಿ ಕಣೇ, ಕಿವಿಗೆ ಕಿವಿ! ಇವನ ಬಾಯಿ ಅವನ ಕಿವಿಗೆ ಹೋಗಬೇಕು" ಎಂದೆ. ಕೇಬಲ್ಲಿನ ಒಂದು ಕೊನೆ ಬಿಚ್ಚಿ ಆ ಎರಡು ತಂತಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದೆವು. ನೀನು ಕೆಳಗೆ ಓಡಿದೆ. ಹಸಿರು ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು, ಇಂಗ್ಲಿಷ್ ಲಿಪಿಯಲ್ಲಿ ನಮ್ಮ ಕನ್ನಡ: ಕಾಫಿ ಆಯ್ತಾ. ನನ್ನ ಭುಜದ ಮೇಲಿನಿಂದ ಓದಿದ ಕಾಕು, "ಇದನ್ನ ಕಿಡಕ್ಯಾಗ ನಿಂತು ಕೇಳಿದ್ರ ಆಗ್ತಿದ್ದಿಲ್ಲೇನು?" ಎಂದರು.

ಸೋಮವಾರ ಮೆನನ್ ಅಂಕಲ್ ಎರಡು ಮಷೀನು, ಒಂದು ಡಬ್ಬಿ ತುಂಬ ತಂತಿ ಕೊಟ್ಟು ಜೋಡಿಸು ಎಂದರು. ಜೋಡಿಸಿದೆ. ಅರ್ಧ ದಿನ ರಜೆ ಹಾಕಿ ನೀನು ಅವರ ಆಫೀಸಿನ ಕೆಳಗೆ ಕಾಯುತ್ತಿದ್ದೆ. ನನ್ನ ಮುಖ ನೋಡಿ ಗಾಡಿಯವನಿಗೆ ಎರಡು ಲೋಟ ಕಬ್ಬಿನ ಹಾಲು ಹೇಳಿದೆ. ಮಗಳಿಗೆ ಈ ಬೇಸಿಗೆ ಪುರುಸೊತ್ತಿಲ್ಲ ಎಂದು ಮೈಸೂರಿಗೆ ಅಮ್ಮನೇ ಕಾಗದ ಬರೆದಳು. ಮರುವರ್ಷ ನೀನು... ಬೇಡ ಬಿಡು, ಅದನ್ನು ಬರೆಯಲು ಕೂತವಳಲ್ಲ ನಾನು.

ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ ಕೇಳು. ನಿನ್ನ ಆಫೀಸಿಗೂ ಕಂಪ್ಯೂಟರ್ ಬಂದಿವೆ! ಜೋಡಿಸುವ ಕೆಲಸ ನಮ್ಮ ಕಂಪನಿಗೆ, ಕಲಿಸುವ ಕೆಲಸ ನನಗೆ. ಮೊನ್ನೆ ಜಾಗ ನೋಡಲು ಹೋದಾಗ ನಿನ್ನ ಪಕ್ಕದ ಮೇಜಿನ ಶಿಂಧೆ ಕಾಕಾ ಸಿಕ್ಕರು. ಕಂಪ್ಯೂಟರ್ ಬೇಡವೇ ಬೇಡ ಎಂದು ಯೂನಿಯನ್ನಿನವರು ಗೇಟಿನಲ್ಲಿ ಘೋಷಣೆ ಕೂಗಿದಾಗ ನೀನೂ ನಿಂತು ಕೂಗಿದ್ದೆಯಂತೆ, ಹೌದಾ? ಕಾಕಾ ನಗುತ್ತಲೇ ಹೇಳಿದರು. ಆಮೇಲೆ ಯಾರಿಗೂ ಕೇಳದ ಹಾಗೆ, "ಬೇಟಾ, ಇಸ್ ಉಮರ್ ಮೇ ಹಮ್ ಸೇ ಹೋಗಾ ಕ್ಯಾ?" ಎಂದರು. ಈ ವಯಸ್ಸಿನಲ್ಲಿ ತಮ್ಮಿಂದ ಕಲಿಯಲಾದೀತೇ ಎಂಬ ಅಳುಕು ಅಪ್ಪಾ. ಖಂಡಿತ ಆಗುತ್ತದೆ ಎಂದೆ.

ನಾಳೆಯಿಂದ ಪಾಠ ಶುರು. ಎಂಟರ್ ಕೀ ಎಲ್ಲಿದೆ ಎಂದು ನೀನು ದಿನಾ ಕೇಳುತ್ತಿದ್ದೆ, ನಾನು ದಿನಾ ಹೊಟ್ಟೆ ಹಿಡಿದು ನಗುತ್ತಿದ್ದೆ. ಅವರು ಎಷ್ಟು ಸಲ ಕೇಳಿದರೂ ನಗುವುದಿಲ್ಲ, ಇದು ನನ್ನ ಮಾತು. ಹಾಗೆ ನಗುವಷ್ಟು ಸಲಿಗೆ ನನಗೆ ಇನ್ಯಾರ ಹತ್ತಿರವೂ ಇಲ್ಲ.

ನಿನ್ನ,
ಪುಟ್ಟಿ